ಪನ್ನೀರಿನ ವಾಸನೆಯವನಿಗೆ ಬೇಕಿದ್ದದ್ದು ಒಂದು ಸ್ಪಷ್ಟೀಕರಣ

ಪನ್ನೀರು ಅಂದರೆ ನಮಗೆ ಮದುವೆ ಮನೆ. ಹಾಸನದ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಬಾಗಿಲಲ್ಲಿ ಇಬ್ಬರು ಹುಡುಗಿಯರು ಪನ್ನೀರುದಾನಿ ಹಿಡಿದು ನಿಂತಿರುತ್ತಾರೆ, ಕೈಗೆ ಕಲ್ಲುಸಕ್ಕರೆ ಬರುತ್ತದೆ, ತಲೆ ಮೇಲೆ ನಾಲ್ಕು ಹನಿ ಬೀಳುತ್ತದೆ. ಅದೇ ವಾಸನೆ ಒಬ್ಬ ಪತ್ರಕರ್ತನಿಗೆ ಬೇರೇನನ್ನೋ ನೆನಪಿಸುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ದರಿಂದ ಅವನಿಗೆ ವಿಚಾರಣೆ ಮಾಡುವವನ ಮುಖ ಕಾಣುತ್ತಿರಲಿಲ್ಲ. ಮೈಯಿಂದ ಬರುವ ಪನ್ನೀರಿನ ವಾಸನೆಯಿಂದಲೇ ಅವನು ಬಂದ ಅಂತ ಗೊತ್ತಾಗುತ್ತಿತ್ತು. ಹಾಗಾಗಿ ಮನಸ್ಸಿನಲ್ಲೇ ಅವನಿಗೆ ರೋಸ್‌ವಾಟರ್ ಅಂತ ಹೆಸರಿಟ್ಟುಕೊಂಡ. 2014ರಲ್ಲಿ ಅವನ ಕಥೆಯ ಮೇಲೆ ಬಂದ ಸಿನಿಮಾದ ಹೆಸರೂ ಅದೇ.

ಹಳೇ ಸಿನಿಮಾ, ನಿಜ. ಆದರೆ 2025ರ ಜೂನ್ 23ರಂದು ಇಸ್ರೇಲ್ ಟೆಹರಾನಿನ ಎವಿನ್ ಜೈಲಿನ ಮೇಲೆ ದಾಳಿ ಮಾಡಿದ ಮೇಲೆ ಆ ಜೈಲಿನ ಹೆಸರು ಮತ್ತೆ ಸುದ್ದಿಗೆ ಬಂತು. ಒಳಗಿದ್ದ ಬರಹಗಾರರು, ಪತ್ರಕರ್ತರ ಗತಿ ಏನಾಯ್ತು ಅಂತ ಹುಡುಕುತ್ತಾ ಹೋದವನಿಗೆ ಈ ಸಿನಿಮಾ ಸಿಕ್ಕಿತು. ಸಂತೆಪೇಟೆಯ ಗೆಳೆಯನ ಮನೆಯಲ್ಲಿ ನಾಲ್ಕು ಜನ ಕೂತು ನೋಡಿದೆವು. ನಾನು, ಗೆಳೆಯ, ಅವನ ಹೆಂಡತಿ, ಮತ್ತೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮೇಷ್ಟ್ರು ಚಿಕ್ಕಮಗಳೂರಿನವರು. ಅದು ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ಕಥೆ ನಡೆದದ್ದೇ. ಮಝಿಯಾರ್ ಬಹಾರಿ ಇರಾನಿನಲ್ಲಿ ಹುಟ್ಟಿದವನು, ಕೆನಡಾದ ಪ್ರಜೆ, ಲಂಡನ್ನಿನಲ್ಲಿ ಮನೆ. ನ್ಯೂಸ್‌ವೀಕ್ ಪತ್ರಿಕೆಗೆ ವರದಿ ಮಾಡಲು 2009ರ ಜೂನ್‌ನಲ್ಲಿ ಟೆಹರಾನಿಗೆ ಹೋದ. ಜೂನ್ 12ಕ್ಕೆ ಅಧ್ಯಕ್ಷರ ಚುನಾವಣೆ. ಅಹ್ಮದಿನೆಜಾದ್ ಗೆದ್ದರು ಅಂತ ಘೋಷಣೆಯಾಯಿತು, ಎದುರಾಳಿ ಮೌಸವಿ ಕಡೆಯವರು ಇದು ಮೋಸ ಅಂತ ಬೀದಿಗಿಳಿದರು, ಗುಂಡು ಹಾರಿತು. ಅದನ್ನು ಬಹಾರಿ ಕ್ಯಾಮೆರಾದಲ್ಲಿ ಹಿಡಿದು ಹೊರಗೆ ಕಳಿಸಿದ. ಜೂನ್ 21ರ ಬೆಳಿಗ್ಗೆ ಅಮ್ಮನ ಮನೆಯಲ್ಲಿ ಮಲಗಿದ್ದವನನ್ನು ಎಬ್ಬಿಸಿ ಕರೆದುಕೊಂಡು ಹೋದರು. 118 ದಿನ ಎವಿನ್‌ನಲ್ಲಿ ಇಟ್ಟುಕೊಂಡರು, ಅದರಲ್ಲಿ ಬಹುಪಾಲು ಒಂಟಿ ಕೋಣೆ. ಅಷ್ಟೂ ದಿನ ಬಸುರಿ ಸಂಗಾತಿ ಲಂಡನ್ನಿನಲ್ಲಿ. ಅಕ್ಟೋಬರ್ 17ಕ್ಕೆ 3 ಲಕ್ಷ ಡಾಲರ್ ಜಾಮೀನಿನ ಮೇಲೆ ಬಿಟ್ಟರು. ಮುಂದಿನ ವರ್ಷ, ಆಸಾಮಿ ದೇಶದಲ್ಲೇ ಇಲ್ಲದಾಗ, 13 ವರ್ಷ 6 ತಿಂಗಳು ಜೈಲು ಮತ್ತು 74 ಛಡಿಯೇಟು ಅಂತ ಶಿಕ್ಷೆಯನ್ನೂ ಓದಿ ಮುಗಿಸಿದರು.

ಅವನ ಮನೆಗೆ ಜೈಲು ಹೊಸದೇನಲ್ಲ. ಅಪ್ಪ 1950ರ ದಶಕದಲ್ಲಿ ಇರಾನಿನ ದೊರೆ ಶಾ ಸರ್ಕಾರದ ಜೈಲಿಗೆ ಹೋಗಿದ್ದರು. ಅಕ್ಕ 1980ರ ದಶಕದಲ್ಲಿ, ಕ್ರಾಂತಿಯ ನಂತರದ ಖೊಮೇನಿ ಕಾಲದ ಜೈಲಿಗೆ. ಶಾ ಹೋದ, ಅವನು ಕಟ್ಟಿಸಿದ ಎವಿನ್ ಮಾತ್ರ ಅಲ್ಲೇ ಉಳಿಯಿತು. ಕ್ರಾಂತಿ ಮಾಡಿದವರು ಬೀಗದ ಕೈ ತೆಗೆದುಕೊಂಡರು ಅಷ್ಟೇ. ಸಿನಿಮಾದಲ್ಲಿ ಸತ್ತುಹೋದ ಆ ಅಪ್ಪ ಮತ್ತು ಅಕ್ಕ ಕೋಣೆಗೆ ಬಂದು ಅವನ ಜೊತೆ ಮಾತಾಡುತ್ತಾರೆ. ನನಗೆ ಆ ದೃಶ್ಯಗಳು ಅಷ್ಟೇನೂ ಹಿಡಿಸಲಿಲ್ಲ. ಗೆಳೆಯನ ಹೆಂಡತಿ ಅಲ್ಲೇ ಅತ್ತರು, ಅದೂ ಹೇಳಬೇಕು.

ನಿರ್ದೇಶಕ ಜಾನ್ ಸ್ಟುವರ್ಟ್, ಅಮೆರಿಕದ ಟಿವಿಯಲ್ಲಿ ರಾಜಕೀಯದವರನ್ನು ಗೇಲಿ ಮಾಡುತ್ತಿದ್ದವನು. ಅವನಿಗೂ ಈ ಜೈಲಿಗೂ ನೇರ ಸಂಬಂಧ ಇದೆ. ಬಂಧನಕ್ಕೆ ಮೊದಲು ಅವನ ಕಾರ್ಯಕ್ರಮದ ತಂಡ ಟೆಹರಾನಿಗೆ ಹೋಗಿತ್ತು. ಅದರಲ್ಲೊಬ್ಬ ಹಾಸ್ಯನಟ ತಾನು ಅಮೆರಿಕದ ಗೂಢಚಾರ ಅಂತ ತಮಾಷೆಗೆ ವೇಷ ಹಾಕಿಕೊಂಡು ಬಹಾರಿಯನ್ನು ಸಂದರ್ಶನ ಮಾಡಿದ್ದ. ಆಮೇಲೆ ವಿಚಾರಣೆಯಲ್ಲಿ ಅದೇ ತುಣುಕು ಸಾಕ್ಷಿಯಾಗಿ ಎದುರಿಗೆ ಬಂತು. ನೋಡು, ನೀನು ಗೂಢಚಾರನ ಜೊತೆ ಕೂತಿದ್ದೀಯ! ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಸ್ಟುವರ್ಟ್ 2013ರ ಬೇಸಿಗೆಯಲ್ಲಿ ಕಾರ್ಯಕ್ರಮಕ್ಕೆ ಸುಮಾರು ಮೂರು ತಿಂಗಳು ರಜೆ ಹಾಕಿ ಜೋರ್ಡಾನಿನಲ್ಲಿ ಈ ಸಿನಿಮಾ ತೆಗೆದ. ಬಹಾರಿಯ ಪಾತ್ರ ಮೆಕ್ಸಿಕೋದ ಗೇಲ್ ಗಾರ್ಸಿಯಾ ಬರ್ನಾಲ್‌ನದು, ವಿಚಾರಣೆ ಮಾಡುವವನದು ಡೆನ್ಮಾರ್ಕಿನ ಕಿಮ್ ಬೋಡ್ನಿಯಾನದು. ಟೆಹರಾನಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಅದು ಕೊನೇವರೆಗೂ ಕಿವಿಗೆ ಚುಚ್ಚುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಪತ್ರಕರ್ತನನ್ನು ಜೈಲಿಗೆ ಯಾಕೆ ಹಾಕುತ್ತಾರೆ? ಬಾಯಿ ಮುಚ್ಚಿಸೋದಕ್ಕೆ ಅಂತ ನಾವು ಥಟ್ಟನೆ ಹೇಳುತ್ತೇವೆ. ಬಾಯಿ ಮುಚ್ಚಿಸಲು ಜೈಲು ದುಬಾರಿ ದಾರಿ. ವೀಸಾ ರದ್ದು ಮಾಡಿ ವಿಮಾನ ಹತ್ತಿಸಿದರೆ ಸಾಕಿತ್ತು. ರೋಸ್‌ವಾಟರ್‌ಗೆ ಬೇಕಿದ್ದದ್ದು ಬಹಾರಿ ಮಾತಾಡೋದು. ಕ್ಯಾಮೆರಾ ಮುಂದೆ ಕೂತು, ನಾವು ವಿದೇಶಿ ಮಾಧ್ಯಮದವರು ಈ ದೇಶದ ವಿರುದ್ಧ ಕೆಲಸ ಮಾಡುತ್ತಿದ್ದೆವು, ತಪ್ಪಾಯಿತು ಅಂತ ಅವನ ಬಾಯಿಂದಲೇ ಹೇಳಿಸೋದು. ಯಾಕಂದರೆ ಸರ್ಕಾರ ಎಷ್ಟು ಸಲ 'ಆ ವರದಿ ಸುಳ್ಳು' ಅಂದರೂ ಜನ ನಂಬಲ್ಲ. ಬೀದಿಯಲ್ಲಿ ಗುಂಡು ಹಾರಿದ್ದನ್ನು ಕಣ್ಣಾರೆ ಕಂಡವರಿಗೆ ಸರ್ಕಾರಿ ವಕ್ತಾರನ ಮಾತು ಯಾವ ಲೆಕ್ಕ? ಸುದ್ದಿಯನ್ನು ಕೊಲ್ಲುವ ತಾಕತ್ತು ಇರೋದು ಅದನ್ನು ಬರೆದವನಿಗೆ ಮಾತ್ರ. ಬಹಾರಿ ಕೆಲವೇ ದಿನಗಳಲ್ಲಿ ಹೇಳಿದ, ಅದು ಟಿವಿಯಲ್ಲಿ ಬಂತು. ಇರಾನಿನ ಪ್ರೆಸ್ ಟಿವಿ ಬ್ರಿಟನ್ನಿನಲ್ಲೂ ಪ್ರಸಾರವಾಗುತ್ತಿತ್ತು. ಬಂಧನದಲ್ಲಿದ್ದವನಿಂದ ಬಲವಂತವಾಗಿ ಪಡೆದ ಸಂದರ್ಶನವನ್ನು ಹಾಕಿದ್ದೀರಿ ಅಂತ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2011ರ ಡಿಸೆಂಬರ್‌ನಲ್ಲಿ ಚಾನೆಲ್‌ಗೆ 1 ಲಕ್ಷ ಪೌಂಡ್ ದಂಡ ಹಾಕಿತು. ದಂಡ ಕಟ್ಟಲಿಲ್ಲ, ಚಾನೆಲ್ಲಿನ ಲಗಾಮು ಇರೋದು ಟೆಹರಾನಿನಲ್ಲಿ ಅಂತ ಮುಂದಿನ ತಿಂಗಳು ಲೈಸೆನ್ಸೂ ಹೋಯಿತು.

ಇದು ಇರಾನಿನ ಕಥೆ ಮಾತ್ರ ಅಲ್ಲ. 2021ರ ಮೇ 23ರಂದು ಬೆಲಾರುಸ್ ಸರ್ಕಾರ ಅಥೆನ್ಸ್‌ನಿಂದ ವಿಲ್ನಿಯಸ್‌ಗೆ ಹೊರಟಿದ್ದ ವಿಮಾನವನ್ನು ಬಾಂಬಿದೆ ಅಂತ ಸುಳ್ಳು ಹೇಳಿ ಮಿನ್ಸ್ಕ್‌ನಲ್ಲಿ ಇಳಿಸಿತು. ಒಳಗಿದ್ದ ಪತ್ರಕರ್ತ ರೋಮನ್ ಪ್ರೊಟಾಸೆವಿಚ್‌ನನ್ನು ಹಿಡಿಯಿತು. ಮುಂದಿನ ತಿಂಗಳು ಆ ಹುಡುಗ ಸರ್ಕಾರಿ ಟಿವಿಯಲ್ಲಿ ಕೂತು ಅಧ್ಯಕ್ಷ ಲುಕಾಶೆಂಕೋ ಮೇಲೆ ತನಗೆ ಗೌರವ ಇದೆ ಅಂದ, ಅತ್ತ. ಒಬ್ಬನ ಬಾಯಿ ಮುಚ್ಚಿಸಲು ಯಾರೂ ವಿಮಾನ ಇಳಿಸಲ್ಲ. ಆ ಕಣ್ಣೀರು ಬೇಕಿತ್ತು.

ಸಿನಿಮಾದಲ್ಲಿ ಬಹಾರಿಯ ತಪ್ಪೊಪ್ಪಿಗೆ ಬಂದಾಗ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಕಾರಣ ಇದೆ. ನಾನೂ ಕೆಲವು ವರ್ಷ ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರನಾಗಿದ್ದೆ. ಸಂಬಳ ಅಂತಿರಲಿಲ್ಲ, ಸುದ್ದಿ ಎಷ್ಟು ಉದ್ದ ಬಂತೋ ಅಷ್ಟು ದುಡ್ಡು. ಒಂದು ವರ್ಷ ಮೇ ತಿಂಗಳಲ್ಲಿ ಬಿತ್ತನೆ ಆಲೂಗಡ್ಡೆ ಬಗ್ಗೆ ಬರೆದೆ. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬೀಜದ ಗೆಡ್ಡೆ ಬರುತ್ತದೆ, ಎಪಿಎಂಸಿಯಲ್ಲಿ ಮಾರಾಟ, ಮೊದಲ ಮಳೆ ಬೀಳುತ್ತಿದ್ದಂತೆ ಬಿತ್ತನೆ, ಆಮೇಲೆ ಅಂಗಮಾರಿ ರೋಗ ಬರದಿರಲಿ ಅಂತ ದೇವರಿಗೆ ಹರಕೆ. ಆ ವರ್ಷ ದುದ್ದ ಕಡೆಯ ಒಬ್ಬರು ರೈತರು ಚೀಲ ಬಿಚ್ಚಿ ತೋರಿಸಿದರು. ಮೇಲೆ ನಾಲ್ಕು ಗೆಡ್ಡೆ ಗಟ್ಟಿ, ಕೆಳಗೆ ಕೈ ಹಾಕಿದರೆ ಬೆರಳು ಒಳಗೇ ಹೋಗುತ್ತಿತ್ತು, ಆ ನಾತ ಸಂಜೆವರೆಗೂ ಕೈ ಬಿಡಲಿಲ್ಲ. ಪರೀಕ್ಷೆ ಮಾಡಿ ದೃಢೀಕರಿಸಿದ ಬೀಜ ಅಂತ ಹೇಳಿ ಮಾರಿದ್ದ ಚೀಲ ಅದು. ಇದ್ದದ್ದನ್ನು ಇದ್ದ ಹಾಗೆ ಬರೆದೆ, ಫೋಟೋ ಸಮೇತ ಬಂತು.

ಎರಡು ದಿನ ಬಿಟ್ಟು ಒಂದು ಕಚೇರಿಯಿಂದ ಫೋನು. ಯಾವ ಕಚೇರಿ ಅಂತ ಹೇಳಲ್ಲ. 'ಸುಮ್ನೆ ಒಂದ್ಸಲ ಬಂದು ಹೋಗಿ.' ಹೋದೆ. ಹನ್ನೊಂದು ಗಂಟೆಗೆ ಬೆಂಚಿನ ಮೇಲೆ ಕೂತವನು ಎರಡೂವರೆವರೆಗೂ ಕೂತೇ ಇದ್ದೆ. ಯಾರೂ ಬೈಯಲಿಲ್ಲ. ಕಾಫಿ ಕೂಡ ಕೊಟ್ಟರು. ಆಮೇಲೆ ಒಳಗೆ ಕರೆದು ಒಂದು ಬಿಳಿ ಹಾಳೆ ಮುಂದಿಟ್ಟರು. ಟೇಬಲ್ಲಿಗೆ ದಾರ ಕಟ್ಟಿದ್ದ ಪೆನ್ನು, ದಾರ ಎಷ್ಟು ಗಿಡ್ಡ ಅಂದರೆ ಬರೆಯಬೇಕಾದರೆ ಮುಂದಕ್ಕೆ ಬಗ್ಗಲೇಬೇಕು. 'ಒಂದು ಸ್ಪಷ್ಟೀಕರಣ ಬರ್ಕೊಡಿ ಸಾಕು. ಮಾಹಿತಿ ಕೊರತೆಯಿಂದ ಹಾಗೆ ಪ್ರಕಟವಾಗಿದೆ ಅಂತ.' ಇಲ್ಲದಿದ್ದರೆ? ಮಾನನಷ್ಟ ಮೊಕದ್ದಮೆ ಅಂದರು. ಪತ್ರಿಕೆಗೆ ಬರುವ ಜಾಹೀರಾತಿನ ಮಾತೂ ಬಂತು, ತುಂಬ ಮೆತ್ತಗೆ.

ಎವಿನ್‌ಗೂ ಈ ಬೆಂಚಿಗೂ ಹೋಲಿಕೆ ಮಾಡುತ್ತಿಲ್ಲ. ಹೊಡೆತ ತಿಂದವನ ಮುಂದೆ ಕಾಫಿ ಕುಡಿದವನು ತನ್ನ ಕಷ್ಟ ಹೇಳಿಕೊಂಡರೆ ಅಸಹ್ಯ. ಆದರೆ ಕೇಳಿದ್ದು ಒಂದೇ ವಸ್ತು, ಅದಕ್ಕೆ ಹೇಳಿದೆ. ನನ್ನ ಸುದ್ದಿ ಸುಳ್ಳು ಅಂತ ಅವರೇ ಒಂದು ಪ್ರಕಟಣೆ ಕೊಡಬಹುದಿತ್ತು. ಕೊಡಲಿಲ್ಲ. ನನ್ನ ಕೈಬರಹವೇ ಬೇಕಿತ್ತು.

ಸಿನಿಮಾದಲ್ಲಿ ಅತಿ ಚೆನ್ನಾಗಿರೋದು ಆ ಪನ್ನೀರಿನ ಮನುಷ್ಯನ ಪಾತ್ರ. ರಾಕ್ಷಸ ಅಲ್ಲ, ನೌಕರ. ಅವನಿಗೂ ಮೇಲೊಬ್ಬ ಸಾಹೇಬ ಇದ್ದಾನೆ, ಇನ್ನೂ ಯಾಕೆ ಒಪ್ಪಿಸಿಲ್ಲ ಅಂತ ಕೇಳುತ್ತಾನೆ. ಇವನಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ. ಅಮೆರಿಕದ ನ್ಯೂಜೆರ್ಸಿ ಅಂದರೆ ಏನೋ ಭಾರಿ ಪಾಪದ ಊರು ಅಂದುಕೊಂಡಿದ್ದಾನೆ. ಬಹಾರಿಗೆ ಇದು ಗೊತ್ತಾಗುತ್ತಿದ್ದಂತೆ ಆಟ ತಿರುಗುತ್ತದೆ. ನಾನು ದೇಶ ದೇಶ ಸುತ್ತಿದ್ದು ಮಸಾಜ್ ಮಾಡಿಸಿಕೊಳ್ಳೋದಕ್ಕೆ ಅಂತ ಕಥೆ ಕಟ್ಟುತ್ತಾನೆ, ಪನ್ನೀರಿನವನು ಬಾಯಿ ಬಿಟ್ಟುಕೊಂಡು ಕೇಳುತ್ತಾನೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವನು ಕಥೆ ಹೇಳುತ್ತಿದ್ದಾನೆ, ಕೋಲು ಹಿಡಿದವನು ಹರಿಕಥೆಗೆ ಕೂತ ಹಾಗೆ ಕೂತಿದ್ದಾನೆ. ಅಲ್ಲಿ ನಾವು ನಾಲ್ಕೂ ಜನ ಬಿದ್ದು ಬಿದ್ದು ನಕ್ಕೆವು.

ನಮ್ಮಲ್ಲಿ ಹೀಗೆ ನಡೆಯೋದಿಲ್ಲವಲ್ಲ ಅಂತ ಗೆಳೆಯ ಕೇಳಿದ. ಒಂದು ಅರ್ಥದಲ್ಲಿ ಸರಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಮಾನ್ಯವಾಗಿ ನಮ್ಮ ಕೋರ್ಟಿನಲ್ಲಿ ನಡೆಯಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನೇ ಹೇಳುತ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಸೆಕ್ಷನ್. ತಾವೇ ಸಾಕಿದ ಪೊಲೀಸರನ್ನು ಬ್ರಿಟಿಷರೇ ನಂಬಲಿಲ್ಲ ಅನ್ನೋದು ತಮಾಷೆ, ಆದರೆ ಒಳ್ಳೇದಾಯ್ತು. ಮಧ್ಯೆ ಭಯೋತ್ಪಾದನೆ ತಡೆಯೋದಕ್ಕೆ ಅಂತ ಟಾಡಾ, ಪೋಟಾ ಕಾಯ್ದೆಗಳು ಬಂದು ಹಿರಿಯ ಪೊಲೀಸ್ ಅಧಿಕಾರಿ ಮುಂದಿನ ತಪ್ಪೊಪ್ಪಿಗೆಯೂ ನಡೆಯುತ್ತದೆ ಅಂದವು. ಎರಡೂ ಈಗ ಇಲ್ಲ.

ಹಾಗಾಗಿ ಇಲ್ಲಿ ತಪ್ಪೊಪ್ಪಿಗೆಯ ಜಾಗದಲ್ಲಿ ಜಾಮೀನು ಕೂತಿದೆ. ಭಯೋತ್ಪಾದನೆ ಕೇಸುಗಳಿಗೆ ಹಾಕುವ ಯುಎಪಿಎ ಕಾಯ್ದೆಯ 43ಡಿ(5) ಓದಿ. ಮೇಲ್ನೋಟಕ್ಕೆ ಆರೋಪ ನಿಜ ಅಂತ ಕೋರ್ಟಿಗೆ ಅನ್ನಿಸಿದರೆ ಜಾಮೀನು ಕೊಡುವಂತಿಲ್ಲ. ಮೇಲ್ನೋಟಕ್ಕೆ ಅಂದರೆ ಹೆಚ್ಚಾಗಿ ಪೊಲೀಸರ ಕಾಗದ ನೋಡಿ. ದೋಷಾರೋಪ ಪಟ್ಟಿ ಹಾಕಲು 180 ದಿನದವರೆಗೂ ಸಮಯ ತೆಗೆದುಕೊಳ್ಳಬಹುದು. ಬಹಾರಿ ಒಳಗಿದ್ದದ್ದು 118 ದಿನ ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ. ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್, ದಲಿತ ಯುವತಿಯ ಮೇಲೆ ಅತ್ಯಾಚಾರದ ಸುದ್ದಿಯಿದ್ದ ಉತ್ತರ ಪ್ರದೇಶದ ಹಾಥ್ರಸ್‌ಗೆ ಹೋಗುವ ದಾರಿಯಲ್ಲಿ 2020ರ ಅಕ್ಟೋಬರ್ 5ರಂದು ಮಥುರಾ ಹತ್ತಿರ ಬಂಧನವಾದರು. ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿದ್ದು 2022ರ ಸೆಪ್ಟೆಂಬರ್ 9ಕ್ಕೆ. ಇನ್ನೊಂದು ಕೇಸಿನ ಜಾಮೀನು ಬಾಕಿ ಇತ್ತು, ಹೊರಗೆ ಬಂದಿದ್ದು 2023ರ ಫೆಬ್ರುವರಿ 2ಕ್ಕೆ. ಶಿಕ್ಷೆ ಅಂತ ಯಾರೂ ಕೊಡಲೇ ಇಲ್ಲ, 28 ತಿಂಗಳು ಮುಗಿದೇ ಹೋಯಿತು. ಬರೆಯಬೇಕಿದ್ದ ವರದಿ ಬರೆಯಲೂ ಇಲ್ಲ, ಸ್ಥಳಕ್ಕೆ ತಲುಪಿಯೇ ಇರಲಿಲ್ಲವಲ್ಲ!

ಸಿನಿಮಾ ನೋಡುವಾಗ ನನಗೆ ಜಾಸ್ತಿ ಕಾಡಿದ್ದು ಕಪ್ಪನ್ ಜೊತೆಗಿದ್ದ ಟ್ಯಾಕ್ಸಿ ಚಾಲಕ. ಬಾಡಿಗೆಗೆ ಗಾಡಿ ಓಡಿಸಿದ್ದಕ್ಕೆ ಅವರೂ ಎರಡು ವರ್ಷಕ್ಕೂ ಜಾಸ್ತಿ ಒಳಗಿದ್ದರು. ಸಿನಿಮಾದಲ್ಲೂ ಒಬ್ಬ ಹುಡುಗ ಬರುತ್ತಾನೆ, ದಾವೂದ್ ಅಂತ. ಬಹಾರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಟೆಹರಾನ್ ತೋರಿಸುತ್ತಾನೆ, ತಾರಸಿ ತುಂಬ ಕದ್ದುಮುಚ್ಚಿ ಹಾಕಿದ ಟಿವಿ ಡಿಶ್‌ಗಳಿರುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ. ನಾಯಕ ಜೈಲಿಗೆ ಹೋದ ಮೇಲೆ ಕಥೆ ಪೂರ್ತಿ ನಾಯಕನದೇ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಬಹಾರಿ ಹೆಸರು ಎತ್ತಿದರು ಅಂತ ಜೈಲಿನ ಕಾವಲುಗಾರ ಅವನನ್ನು ಮಿಸ್ಟರ್ ಹಿಲರಿ ಕ್ಲಿಂಟನ್ ಅಂತ ಕರೆದು ರೇಗಿಸುತ್ತಾನೆ, ಬಹಾರಿಗೆ ಜೀವ ಬರುತ್ತದೆ, ಕೋಣೆಯಲ್ಲಿ ಒಬ್ಬನೇ ಕುಣಿಯುತ್ತಾನೆ. ಒಳ್ಳೇ ದೃಶ್ಯ. ಆದರೆ ನ್ಯೂಸ್‌ವೀಕ್ ಇಲ್ಲದ, ಕೆನಡಾ ಪಾಸ್‌ಪೋರ್ಟ್ ಇಲ್ಲದ ವರದಿಗಾರನ ಹೆಸರನ್ನು ಯಾವ ಕ್ಲಿಂಟನ್ ಎತ್ತಬೇಕು? 2022ರಲ್ಲಿ, ಹಿಜಾಬ್ ಸರಿಯಿಲ್ಲ ಅಂತ ಪೊಲೀಸರು ಹಿಡಿದ ಮೇಲೆ ಸತ್ತ ಮಾಹ್ಸಾ ಅಮಿನಿಯ ಸುದ್ದಿಯನ್ನು ಹೊರತಂದ ನಿಲೂಫರ್ ಹಮೇದಿ ಮತ್ತು ಎಲಾಹೆ ಮೊಹಮ್ಮದಿ ಟೆಹರಾನಿನ ದಿನಪತ್ರಿಕೆಗಳ ವರದಿಗಾರ್ತಿಯರು. ಒಬ್ಬರು ಆಸ್ಪತ್ರೆಗೆ ಹೋದರು, ಇನ್ನೊಬ್ಬರು ಶವಸಂಸ್ಕಾರಕ್ಕೆ. ಅಷ್ಟಕ್ಕೆ ಸುಮಾರು 16 ತಿಂಗಳು ಜೈಲು. 2024ರ ಜನವರಿಯಲ್ಲಿ ಜಾಮೀನು. ಅವರಿಗೆ ಹೋಗೋದಕ್ಕೆ ಲಂಡನ್ ಇರಲಿಲ್ಲ.

ಪತ್ರಕರ್ತರ ರಕ್ಷಣಾ ಸಮಿತಿ ಅಂತ ನ್ಯೂಯಾರ್ಕಿನಲ್ಲಿ ಒಂದು ಸಂಸ್ಥೆ ಇದೆ, ಪ್ರತಿ ವರ್ಷ ಡಿಸೆಂಬರ್ 1ಕ್ಕೆ ಜೈಲಿನಲ್ಲಿರುವ ಪತ್ರಕರ್ತರನ್ನು ಎಣಿಸುತ್ತದೆ. 2024ರ ಲೆಕ್ಕ 361. ಚೀನಾ 50, ಇಸ್ರೇಲ್ 43, ಮ್ಯಾನ್ಮಾರ್ 35. ಆ ದಿನ ಒಳಗಿದ್ದವರು ಮಾತ್ರ ಈ ಲೆಕ್ಕಕ್ಕೆ ಸಿಗುತ್ತಾರೆ. ಬೆಂಚಿನ ಮೇಲೆ ಕೂತವರನ್ನು ಯಾರೂ ಎಣಿಸಲ್ಲ. 2017ರ ಜೂನ್‌ನಲ್ಲಿ ನಮ್ಮ ಕರ್ನಾಟಕ ವಿಧಾನಸಭೆಯೇ ಶಾಸಕರ ಬಗ್ಗೆ ಬರೆದಿದ್ದು ಹಕ್ಕುಚ್ಯುತಿ ಅಂತ ಎರಡು ಪತ್ರಿಕೆಗಳ ಸಂಪಾದಕರಿಗೆ ಒಂದೊಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ತೀರ್ಮಾನ ಮಾಡಿತ್ತು. ಅವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು. ಪತ್ರಿಕೆ ಎಂಥದ್ದೇ ಇರಲಿ, ಆ ವ್ಯವಸ್ಥೆ ನೋಡಿ ಸ್ವಲ್ಪ.

ಸಿನಿಮಾ ಮುಗಿದ ಮೇಲೆ ಮೇಷ್ಟ್ರು ಬಾಯಿ ಬಿಟ್ಟರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅವರು ಹೈಸ್ಕೂಲ್ ಹುಡುಗ. ಪತ್ರಿಕೆಗಳಿಗೆ ಸೆನ್ಸಾರ್ ಬಂತು, ಪತ್ರಕರ್ತರು ಜೈಲಿಗೆ ಹೋದರು, ವಿರೋಧ ಪಕ್ಷದ ದೊಡ್ಡ ತಲೆಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ ಇದ್ದರು. ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಕೂಡ ಇದ್ದರು. 'ಸಂಸ್ಕಾರ' ಸಿನಿಮಾದ ಚಂದ್ರಿ. ಆ ಸಿನಿಮಾ ತೆಗೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ, ಮೇಷ್ಟ್ರ ಚಿಕ್ಕಮಗಳೂರು ಜಿಲ್ಲೆ. ಆಸ್ತಮಾ ಇದ್ದ ಹೆಂಗಸನ್ನು 1976ರ ಮೇಯಿಂದ ಎಂಟು ತಿಂಗಳು ಇಟ್ಟುಕೊಂಡರು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಯಾವ ಕೇಸಿಗೆ ಅಂತ ಹಿಡಿದರೋ ಆ ಕೇಸಿನ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

'ಅದಾಗಿ ಎರಡು ವರ್ಷ ಆಗಿರಲಿಲ್ಲ ಕಣಯ್ಯ, ನಮ್ಮೂರಲ್ಲಿ ಇಂದಿರಾ ಗಾಂಧಿ ನಿಂತ್ರು,' ಅಂದರು ಮೇಷ್ಟ್ರು. 1978ರ ನವೆಂಬರ್ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಎದುರಿಗೆ ವೀರೇಂದ್ರ ಪಾಟೀಲರು, ಇಂದಿರಾ ದೊಡ್ಡ ಅಂತರದಲ್ಲೇ ಗೆದ್ದರು. 1977ರಲ್ಲಿ ಉತ್ತರ ಭಾರತವೆಲ್ಲ ತಿರುಗಿಬಿದ್ದಾಗಲೂ ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ. ಬಿಟ್ಟುಹೋದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ನಮ್ಮ ಹಾಸನ. ಗೆಳೆಯ ತಕ್ಷಣ, 'ನೋಡಿ ಮೇಷ್ಟ್ರೇ, ನಾವು ಹಾಸನದವರು!' ಅಂತ ಎದೆ ಉಬ್ಬಿಸಿದ. ಮೇಷ್ಟ್ರು ಬಿಡಲಿಲ್ಲ. ಸೆನ್ಸಾರ್ ಬಂದಿದ್ದು ಪೇಪರ್ ಓದುವವರಿಗೆ ಗೊತ್ತಾಯ್ತು, ಅದೇ ಕಾಲಕ್ಕೆ ದೇವರಾಜ ಅರಸರು ಉಳುವವನೇ ಹೊಲದೊಡೆಯ ಅಂದಾಗ ಗೇಣಿದಾರನಿಗೆ ಗೊತ್ತಾಗಿದ್ದು ಬೇರೆ ಸುದ್ದಿ. ಕಾಫಿ ತೋಟದ ಲೈನ್ ಮನೆಯಲ್ಲಿದ್ದವರಿಗೆ ಪೇಪರಿನಲ್ಲಿ ಏನು ಬರಲಿಲ್ಲ ಅನ್ನೋದು ಹೇಗೆ ತಿಳಿಯಬೇಕು, ಏನು ಬರುತ್ತಿತ್ತು ಅನ್ನೋದೇ ಅವರಿಗೆ ಸಂಬಂಧ ಇರಲಿಲ್ಲ ಅಂದರು.

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಅರ್ಧ ಮಾತ್ರ ಇದೆ. ಪತ್ರಕರ್ತನ ಜೈಲು ಓದುಗನ ಸಮಸ್ಯೆ ಅಂತ ಸಿನಿಮಾ ಯಾವತ್ತೂ ತೋರಿಸಲ್ಲ, ಪತ್ರಕರ್ತನ ಸಮಸ್ಯೆ ಅಂತಲೇ ತೋರಿಸುತ್ತದೆ. ಬಹಾರಿ ಹೊರಗೆ ಬಂದ, ಸಂಗಾತಿಯನ್ನು ಸೇರಿಕೊಂಡ, ನಮಗೆ ಸಮಾಧಾನ. ಅವನು ತೆಗೆದ ದೃಶ್ಯದಲ್ಲಿ ಗುಂಡು ಬಿದ್ದವರು ಯಾರು, ಅವರ ಮನೆಯವರು ಟಿವಿಯಲ್ಲಿ ಅವನ ತಪ್ಪೊಪ್ಪಿಗೆ ನೋಡಿ ಏನಂದುಕೊಂಡರು ಅನ್ನೋದು ಕಥೆಯ ಹೊರಗೇ ಉಳಿಯಿತು. ನನಗೆ ನೋಡಬೇಕಿದ್ದದ್ದು ಆ ಮನೆ. ಟಿವಿ ಮುಂದೆ ಕೂತ ಒಬ್ಬ ತಾಯಿ.

ಯಾಕಂದರೆ ನಾನು ಆ ಹಾಳೆಗೆ ಸಹಿ ಹಾಕಿದೆ. ಇಲ್ಲಿಯವರೆಗೆ ಹೇಳದೆ ಇದ್ದದ್ದು ಅದೇ. ದಾರ ಕಟ್ಟಿದ ಪೆನ್ನಿಗೆ ಬಗ್ಗಿ, ಅವರು ಹೇಳಿದ ಹಾಗೇ ಎರಡು ಸಾಲು ಬರೆದೆ. ನಾಲ್ಕನೇ ದಿನ ಐದನೇ ಪುಟದ ಕೆಳಗೆ, ನಿಧನ ವಾರ್ತೆಗಳ ಪಕ್ಕ ಸ್ಪಷ್ಟೀಕರಣ ಬಂತು. ಯಾರು ಓದುತ್ತಾರೆ ಬಿಡು ಅಂದುಕೊಂಡಿದ್ದೆ. ಆ ವಾರವೇ ಎಪಿಎಂಸಿ ಎದುರಿನ ಟೀ ಅಂಗಡಿಯಲ್ಲಿ ಆ ದುದ್ದದ ರೈತರು ಸಿಕ್ಕಿದರು. ಜೇಬಿನಿಂದ ಆ ತುಂಡು ಕಾಗದ ತೆಗೆದರು, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಕೋಪ ಇರಲಿಲ್ಲ. ನಿಜವಾಗಿ ಗೊತ್ತಿಲ್ಲದವರ ಹಾಗೆ ನನ್ನ ಮುಖ ನೋಡಿ ಕೇಳಿದರು.

'ಹಂಗಾದ್ರೆ ಬೀಜ ಚೆನ್ನಾಗೇ ಇತ್ತಾ ಸಾರ್?'